ಎಣಿಕೆಗೆ ಸಿಗದ ಹೆಸರುಗಳು



ಜಿನೀವಾ ನಗರದ ಅಂಚಿನಲ್ಲಿರುವ ಸರ್ನ್ ಸಂಸ್ಥೆ ಕಣ ಭೌತವಿಜ್ಞಾನದ ದೊಡ್ಡ ಕೇಂದ್ರ. ಹಿಗ್ಸ್ ಬೋಸಾನ್ 2012ರಲ್ಲಿ ಪತ್ತೆಯಾದದ್ದು ಅಲ್ಲಿಯೇ. 2018ರ ಸೆಪ್ಟೆಂಬರ್ 28ರಂದು ಅಲ್ಲಿ ಭೌತವಿಜ್ಞಾನ ಮತ್ತು ಲಿಂಗಭೇದ ಕುರಿತು ವಿಚಾರ ಸಂಕಿರಣವೊಂದು ನಡೆಯಿತು. ಇಟಲಿಯ ವಿಜ್ಞಾನಿಯೊಬ್ಬರು ಎದ್ದು ನಿಂತು, ಸಂಶೋಧನಾ ಲೇಖನಗಳನ್ನು ಇತರರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಪಟ್ಟಿಗಳನ್ನು ತೋರಿಸಿದರು. ಭೌತವಿಜ್ಞಾನವನ್ನು ಕಟ್ಟಿದವರು ಗಂಡಸರು, ಈ ಕ್ಷೇತ್ರದಲ್ಲಿ ಹೆಂಗಸರಿಗೆ ಅನ್ಯಾಯವಾಗಿಲ್ಲ, ಆಗುತ್ತಿದ್ದರೆ ಅದು ಗಂಡಸರಿಗೇ ಎಂಬುದು ಅವರ ವಾದದ ತಿರುಳು. ಸರ್ನ್ ಅವರನ್ನು ಅಮಾನತಿನಲ್ಲಿಟ್ಟಿತು.

ನಾಲ್ಕೇ ದಿನಗಳ ನಂತರ, ಅಕ್ಟೋಬರ್ 2ರಂದು, ಆ ವರ್ಷದ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಪ್ರಕಟವಾಯಿತು. ಲೇಸರ್ ಸಂಶೋಧನೆಗಾಗಿ ಅದನ್ನು ಹಂಚಿಕೊಂಡ ಮೂವರಲ್ಲಿ ಕೆನಡಾದ ಡೊನ್ನಾ ಸ್ಟ್ರಿಕ್‌ಲೆಂಡ್ ಒಬ್ಬರು. 1903ರಲ್ಲಿ ಮೇರಿ ಕ್ಯೂರಿ, 1963ರಲ್ಲಿ ಮರಿಯಾ ಗೋಪರ್ಟ್ ಮೇಯರ್, ಅವರ ನಂತರ ಈ ಪ್ರಶಸ್ತಿ ಪಡೆದ ಮೂರನೆಯ ಮಹಿಳೆ ಆಕೆ.

ಅಂಕಿಗಳು ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಆದರೆ ಪ್ರಯೋಗಶಾಲೆಯಲ್ಲಿ ಪಳಗಿದವರು ಅಂಕಿಯನ್ನು ನಂಬುವ ಮೊದಲು ಉಪಕರಣವನ್ನು ಪರೀಕ್ಷಿಸುತ್ತಾರೆ. ತಕ್ಕಡಿಯ ಒಂದು ತಟ್ಟೆಗೆ ಮೊದಲೇ ಮೇಣ ಅಂಟಿಕೊಂಡಿದ್ದರೆ ನೂರು ಸಲ ತೂಗಿದರೂ ತೂಕ ಸರಿಬಾರದು. ಉಲ್ಲೇಖಗಳ ಎಣಿಕೆಯೂ ಒಂದು ತಕ್ಕಡಿಯೇ. ಅದರ ತಟ್ಟೆಗೆ ಏನು ಅಂಟಿತ್ತು ಎಂಬುದನ್ನು ಚರಿತ್ರೆಯಲ್ಲಿ ನೋಡಬಹುದು.

ಗೋಪರ್ಟ್ ಮೇಯರ್ ಅವರನ್ನೇ ತೆಗೆದುಕೊಳ್ಳಿ. 1930ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಬರೆದ ಡಾಕ್ಟರೇಟ್ ಪ್ರಬಂಧದಲ್ಲಿ ಅವರು, ಒಂದು ಪರಮಾಣು ಬೆಳಕಿನ ಎರಡು ಕಣಗಳನ್ನು ಒಟ್ಟಿಗೇ ನುಂಗಬಲ್ಲದು ಎಂದು ಲೆಕ್ಕ ಹಾಕಿ ತೋರಿಸಿದ್ದರು. ಅದನ್ನು ಪರೀಕ್ಷಿಸಲು ಬೇಕಾದಷ್ಟು ಪ್ರಖರವಾದ ಬೆಳಕು ಆಗ ಇರಲಿಲ್ಲ. 1960ರಲ್ಲಿ ಲೇಸರ್ ಹುಟ್ಟಿತು. ಮರುವರ್ಷವೇ ಆ ಮಾತು ನಿಜವೆಂದು ಸಾಬೀತಾಯಿತು.

ಆ ಮೂವತ್ತು ವರ್ಷ ಆಕೆ ಎಲ್ಲಿದ್ದರು? ಗಂಡನೊಂದಿಗೆ ಅಮೆರಿಕಕ್ಕೆ ಹೋಗಿದ್ದರು. ಗಂಡ ಪ್ರಾಧ್ಯಾಪಕ. ದಂಪತಿಗಳಿಬ್ಬರಿಗೂ ಒಂದೇ ವಿಶ್ವವಿದ್ಯಾಲಯದಲ್ಲಿ ಹುದ್ದೆ ಕೊಡಬಾರದೆಂಬ ನಿಯಮ ಹೆಂಡತಿಗೆ ಅಡ್ಡ ಬಂತು. ಹಲವು ವರ್ಷ ಆಕೆ ಸಂಬಳವಿಲ್ಲದೆ ಪಾಠ ಹೇಳಿದರು, ಸಂಶೋಧನೆ ಮಾಡಿದರು. ಪರಮಾಣುವಿನ ನಡುವಿನ ಬೀಜದಲ್ಲಿ ಪ್ರೋಟಾನು, ನ್ಯೂಟ್ರಾನುಗಳು ಪದರ ಪದರವಾಗಿ ಜೋಡಣೆಗೊಂಡಿವೆ, ಅದರಿಂದಾಗಿಯೇ 2, 8, 20, 28, 50, 82, 126 ಎಂಬ ಸಂಖ್ಯೆಗಳಲ್ಲಿ ಬೀಜ ಹೆಚ್ಚು ಸ್ಥಿರವಾಗಿರುತ್ತದೆ ಎಂದು ವಿವರಿಸಿದ್ದು ಆ ಕಾಲದಲ್ಲೇ. ಪೂರ್ಣ ಸಂಬಳದ ಪ್ರಾಧ್ಯಾಪಕ ಹುದ್ದೆ ಸಿಕ್ಕಿದ್ದು 1960ರಲ್ಲಿ, ನೊಬೆಲ್‌ಗೆ ಮೂರೇ ವರ್ಷ ಮುಂಚೆ. ಪ್ರಶಸ್ತಿ ಬಂದಾಗ ಅವರ ಊರಿನ ಪತ್ರಿಕೆ ತಲೆಬರಹದಲ್ಲಿ ಆಕೆಯನ್ನು ಕರೆದದ್ದು ವಿಜ್ಞಾನಿಯೆಂದಲ್ಲ, ತಾಯಿಯೆಂದು.

ಭಾರತದ ಕಥೆ ಬೇರೆಯಲ್ಲ. 1936ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದ ಎಂ.ಎಸ್‌ಸಿ. ಮುಗಿಸಿದ ಬಿಭಾ ಚೌಧುರಿ ತಮ್ಮ ತರಗತಿಯಲ್ಲಿದ್ದ ಒಬ್ಬರೇ ಹೆಣ್ಣುಮಗಳು. ಸಂಶೋಧನೆಗೆ ಸೇರಿಸಿಕೊಳ್ಳಲು ಡಿ.ಎಂ. ಬೋಸ್ ಮೊದಲಿಗೆ ಹಿಂಜರಿದರು. ಹೆಂಗಸಿಗೆ ಕೊಡಬಹುದಾದ ಕೆಲಸ ತಮ್ಮಲ್ಲಿಲ್ಲ ಎಂಬುದು ಕಾರಣ. ಬಿಭಾ ಪಟ್ಟು ಬಿಡಲಿಲ್ಲ. ಮುಂದೆ ಇಬ್ಬರೂ ಸೇರಿ ಹಿಮಾಲಯದ ಎತ್ತರದಲ್ಲಿ ಛಾಯಾಚಿತ್ರದ ಫಲಕಗಳನ್ನಿಟ್ಟು, ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಅವುಗಳ ಮೇಲೆ ಮೂಡಿಸಿದ ಗೆರೆಗಳನ್ನು ಅಳೆದರು. ಮೆಸಾನ್ ಎಂಬ ಕಣದ ತೂಕವನ್ನು ಹೀಗೆ ಅಂದಾಜು ಮಾಡಿ ‘ನೇಚರ್’ ಪತ್ರಿಕೆಯಲ್ಲಿ ಲೇಖನಗಳನ್ನು ಪ್ರಕಟಿಸಿದರು. ಯುದ್ಧದ ಕಾಲ; ಇನ್ನೂ ಸೂಕ್ಷ್ಮವಾದ ಫಲಕಗಳು ಭಾರತಕ್ಕೆ ಬರಲಿಲ್ಲ. ಅಂಥ ಫಲಕಗಳಿಂದ ಇಂಗ್ಲೆಂಡಿನ ಸಿಸಿಲ್ ಪೊವೆಲ್ 1947ರಲ್ಲಿ ಪೈ ಮೆಸಾನನ್ನು ಖಚಿತವಾಗಿ ಗುರುತಿಸಿ 1950ರ ನೊಬೆಲ್ ಪಡೆದರು.

ಇಲ್ಲಿ ಎಲ್ಲವನ್ನೂ ಪೂರ್ವಗ್ರಹದ ತಲೆಗೆ ಕಟ್ಟುವಂತಿಲ್ಲ. ಫಲಕ ಬರದಂತೆ ಮಾಡಿದ್ದು ಯುದ್ಧ. ಆದರೆ ಮುಂದಿನ ಮರೆವಿಗೆ ಯುದ್ಧದ ನೆಪ ಸಾಲದು. ಬಿಭಾ ಮ್ಯಾಂಚೆಸ್ಟರಿನಲ್ಲಿ ಬ್ಲ್ಯಾಕೆಟ್ ಅವರ ಬಳಿ ಡಾಕ್ಟರೇಟ್ ಪಡೆದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮೊದಲ ಮಹಿಳಾ ಸಂಶೋಧಕಿಯಾದರು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿದ್ದಾಗ ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಯೋಗಗಳಲ್ಲೂ ಭಾಗಿಯಾದರು. ಬೇರೆ ಕಣಗಳನ್ನು ಮೇಲಿನ ಬಂಡೆಯೇ ಸೋಸಿಬಿಡುವುದರಿಂದ ಆ ಗಣಿಯ ಆಳ ವಿಜ್ಞಾನಿಗಳಿಗೆ ಪ್ರಿಯವಾಗಿತ್ತು. 1991ರಲ್ಲಿ ತೀರಿಕೊಂಡ ಆಕೆಯ ಹೆಸರು ಜನರ ಬಾಯಿಗೆ ಬಂದದ್ದು ಬಹಳ ತಡವಾಗಿ. 2019ರಲ್ಲಿ ದೂರದ ನಕ್ಷತ್ರವೊಂದಕ್ಕೆ ‘ಬಿಭಾ’ ಎಂದು ಹೆಸರಿಟ್ಟರು.

ಇನ್ನು ಲೇಸರ್‌ಗೆ ಬರೋಣ. ಲೇಸರ್ ಬೆಳಕನ್ನು ಕ್ಷಣಮಾತ್ರದ ಮಿಡಿತಗಳಾಗಿ ಹೊಮ್ಮಿಸಬಹುದು. ಆದರೆ ಅಂಥ ಮಿಡಿತದ ಶಕ್ತಿಯನ್ನು ಹೆಚ್ಚಿಸುತ್ತ ಹೋದರೆ ಉಪಕರಣದ ಗಾಜೇ ಸುಟ್ಟುಹೋಗುತ್ತದೆ. 1985ರಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ ವಿದ್ಯಾರ್ಥಿನಿಯಾಗಿದ್ದ ಸ್ಟ್ರಿಕ್‌ಲೆಂಡ್, ಗುರು ಜೆರಾರ್ ಮೂರೂ ಅವರೊಂದಿಗೆ ದಾರಿ ಕಂಡುಕೊಂಡರು. ಸುಮಾರು 1.4 ಕಿಲೋಮೀಟರ್ ಉದ್ದದ ಗಾಜಿನ ಎಳೆಯಲ್ಲಿ ಮಿಡಿತವನ್ನು ಹಾಯಿಸಿ ಹಿಗ್ಗಿಸುವುದು. ಹಿಗ್ಗಿ ಮೆದುವಾದದ್ದನ್ನು ಬಲಪಡಿಸುವುದು. ಕೊನೆಗೆ ಮತ್ತೆ ಕುಗ್ಗಿಸುವುದು. ಇಂದು ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಸುತ್ತಲಿನ ಭಾಗ ಸುಡದಂತೆ ಪೊರೆಯನ್ನು ನವಿರಾಗಿ ಕತ್ತರಿಸುವ ಲೇಸರ್‌ಗಳ ಮೂಲ ಇದೇ. ಅದು ಸ್ಟ್ರಿಕ್‌ಲೆಂಡ್ ಅವರ ಮೊದಲ ಸಂಶೋಧನಾ ಲೇಖನವಾಗಿತ್ತು.

ಆದರೂ 2018ರ ಮೇ ತಿಂಗಳಲ್ಲಿ ವಿಕಿಪೀಡಿಯ ವಿಶ್ವಕೋಶಕ್ಕೆ ಆಕೆಯ ಬಗ್ಗೆ ಬರಹವೊಂದು ಬಂದಾಗ, ಆಕೆಯ ಮಹತ್ವವನ್ನು ತೋರಿಸುವ ಆಧಾರಗಳು ಸಾಲವೆಂದು ಅದು ತಿರಸ್ಕೃತವಾಯಿತು. ತಿರಸ್ಕರಿಸಿದವರು ನಿಯಮ ಮೀರಲಿಲ್ಲ. ಆಕೆಯ ಬಗ್ಗೆ ಬೇರೆಯವರು ಹೆಚ್ಚು ಬರೆದಿರಲಿಲ್ಲ, ಅಷ್ಟೆ. ಪೂರ್ವಗ್ರಹ ಸಾಗುವ ಬಗೆಯೇ ಇದು. ಒಬ್ಬರು ಬಾಗಿಲು ಮುಚ್ಚುತ್ತಾರೆ, ಇನ್ನೊಬ್ಬರು ಒಳಗೆ ಯಾರೂ ಇರಲಿಲ್ಲವೆಂದು ದಾಖಲಿಸುತ್ತಾರೆ, ಮೂರನೆಯವರು ಆ ದಾಖಲೆಯನ್ನು ಎಣಿಸಿ ತೀರ್ಪು ಕೊಡುತ್ತಾರೆ. ಮೂರನೆಯವರ ಕೂಡುವ ಲೆಕ್ಕ ಸರಿಯಾಗಿಯೇ ಇರಬಹುದು.

ಜಿನೀವಾದಲ್ಲಿ ತೋರಿಸಿದ ಪಟ್ಟಿಗಳಿಗೆ ಕೊಡಬೇಕಾದ ಉತ್ತರ ಸಿಟ್ಟಲ್ಲ; ತಕ್ಕಡಿಯನ್ನು ಪರೀಕ್ಷಿಸುವ ಪಾಠ. ಬಾಗಿಲು ತೆರೆದಂತೆ ಎಣಿಕೆಯೂ ಬದಲಾಗುತ್ತಿದೆ. 2020ರಲ್ಲಿ ಆಂಡ್ರಿಯಾ ಗೆಜ್, 2023ರಲ್ಲಿ ಆನ್ ಲುಯಿಲಿಯೆ ಭೌತವಿಜ್ಞಾನದ ನೊಬೆಲ್ ಪಡೆದರು. ಎರಡನೆಯ ಮಹಿಳೆಯಿಂದ ಮೂರನೆಯವರವರೆಗೆ 55 ವರ್ಷ; ಅಲ್ಲಿಂದ ಐದನೆಯವರವರೆಗೆ ಐದೇ ವರ್ಷ. ಇಷ್ಟು ಅಲ್ಪ ಕಾಲದಲ್ಲಿ ಹೆಂಗಸರ ಮೆದುಳು ಬದಲಾಗಿರಲಾರದು.