ರಾಜಾ ರಾಮಣ್ಣನವರೂ ನಮ್ಮ ಮೊದಲ ಅಣುಸ್ಫೋಟವೂ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಅಣುಬಾಂಬೆಂದರೆ ವರ್ತಕ ನಗರದ ನಮಗೆ ಅಮೆರಿಕೆಯ ಓಪನ್‌ಹೈಮರ್ ಹೆಸರೇ ನೆನಪಾಗುತ್ತದೆ. ಆದರೆ ಇದೇ ಥಾಣೆ ಖಾಡಿಯ ದಡದ ಟ್ರಾಂಬೆಯಲ್ಲಿ ಭಾರತದ ಮೊದಲ ಅಣುಸ್ಫೋಟಕ್ಕೆ ಮುಂದಾಳಾಗಿದ್ದವರು ನಮ್ಮ ನಾಡಿನವರೇ.

1925ರಲ್ಲಿ ತುಮಕೂರು ಜಿಲ್ಲೆಯಲ್ಲಿ ಜನಿಸಿದ ರಾಜಾ ರಾಮಣ್ಣನವರು ಲಂಡನ್ನಿನಲ್ಲಿ ಓದಿ, 1949ರಲ್ಲಿ ಹೋಮಿ ಭಾಭಾ ಅವರ ಸಂಸ್ಥೆಗೆ ಸೇರಿದರು. ನಮ್ಮಂತೆಯೇ ಉದ್ಯೋಗಕ್ಕೆಂದು ಮುಂಬಯಿಗೆ ಬಂದವರು. 1974ರ ಮೇ 18ರಂದು ಪೋಖರಣ್ ಮರಳುಗಾಡಿನಲ್ಲಿ ನೆಲ ನಡುಗಿತು. ಸಿಡಿದದ್ದು ಟ್ರಾಂಬೆಯ ಸೈರಸ್ ರಿಯಾಕ್ಟರಿನಲ್ಲಿ ಹುಟ್ಟಿದ ಪ್ಲುಟೋನಿಯಂ. ಸೇಠ್ನಾ, ಅಯ್ಯಂಗಾರ್, ಚಿದಂಬರಂ ಅವರ ಹೆಸರುಗಳು ಉಳಿದವು. ನೂರು ಮೀಟರಿಗೂ ಮಿಕ್ಕಿ ಆಳಕ್ಕೆ ಗುಂಡಿ ತೋಡಿದ ಸೈನಿಕರ ಹೆಸರು ಯಾರ ಬಾಯಲ್ಲಿದೆ?

ಅದು ಶಾಂತಿಗಾಗಿ ನಡೆದ ಸ್ಫೋಟವೆಂದು ಸರಕಾರ ಸಾರಿತು. 1997ರಲ್ಲಿ ರಾಮಣ್ಣನವರೇ ಅದು ಬಾಂಬೆಂದು ಬಿಚ್ಚಿ ಹೇಳಿದರು. ಇಪ್ಪತ್ತಮೂರು ವರ್ಷ ತೆರಿಗೆ ತೆತ್ತ ನಮಗೆ ಆ ಮಾತು ತಡವಾಗಿ ಬಂತು.

ಲಾಸ್ ಅಲಾಮೋಸ್‌ನಲ್ಲಿದ್ದ ಜೋಸೆಫ್ ರಾಟ್‌ಬ್ಲಾಟ್, ಜರ್ಮನಿ ಬಾಂಬು ಮಾಡುತ್ತಿಲ್ಲವೆಂದು ತಿಳಿದಾಗ, 1944ರ ಕೊನೆಗೆ ಆ ಕೆಲಸ ಬಿಟ್ಟು ನಡೆದರು. ಒಬ್ಬರು ನಿಂತು ಮುಗಿಸಿದರು, ಒಬ್ಬರು ಬಿಟ್ಟು ಹೋದರು. ಇಬ್ಬರ ಕಥೆಯನ್ನೂ ಓದೋಣ. ನಮ್ಮವರೆಂಬ ಅಭಿಮಾನವಿರಲಿ, ಆ ಅಭಿಮಾನ ನಾವು ಕೇಳಬೇಕಾದ ಪ್ರಶ್ನೆಯನ್ನು ನುಂಗದಿರಲಿ.