ಎರಡು ಲೆನ್ಸು, ಒಂದೇ ಒರೆಗಲ್ಲು



ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮಾ ಮತ್ತು ಅಮರ್ಜಾ ನದಿಗಳು ಕೂಡುತ್ತವೆ. ಆ ಸಂಗಮದ ಎರಡು ಛಾಯಾಚಿತ್ರಗಳು ನಿಮ್ಮ ಮುಂದಿವೆ ಎಂದುಕೊಳ್ಳಿ. ಒಂದರಲ್ಲಿ ಆಚೆ ದಡದ ಗಿಡಗಳು ಸ್ಪಷ್ಟ. ಇನ್ನೊಂದರಲ್ಲಿ ಎಲ್ಲವೂ ಮಸುಕು. ಮೊದಲ ಚಿತ್ರ ತೆಗೆದ ಲೆನ್ಸೇ ಉತ್ತಮವೆನ್ನಬಹುದೇ? ಅದನ್ನು ಮುಂಜಾನೆಯೂ ಎರಡನೆಯದನ್ನು ಮೇ ತಿಂಗಳ ನಡುಹಗಲಲ್ಲೂ ತೆಗೆದಿದ್ದರೆ? ಇಲ್ಲಿನ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಾದ ನೆಲದಿಂದ ಬಿಸಿಗಾಳಿ ಮೇಲೇಳುತ್ತದೆ. ಬಿಸಿ ಮತ್ತು ತಂಪು ಗಾಳಿಯ ಪದರಗಳಲ್ಲಿ ಬೆಳಕು ಬೇರೆ ಬೇರೆಯಾಗಿ ಬಾಗುವುದರಿಂದ ದೂರದ ದೃಶ್ಯ ಕದಲುತ್ತದೆ. ತಪ್ಪು ಗಾಳಿಯದು, ದೂರು ಲೆನ್ಸಿನ ಮೇಲೆ!

ಆಳಂದದ ರೈತರು ಎರಡು ತೊಗರಿ ತಳಿಗಳನ್ನು ಹೋಲಿಸುವಾಗ ಒಂದನ್ನು ಎರೆಭೂಮಿಯಲ್ಲಿ, ಇನ್ನೊಂದನ್ನು ಮಸಾರಿಯಲ್ಲಿ ಬಿತ್ತಿ ಇಳುವರಿ ಅಳೆದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಪರೀಕ್ಷಿಸುವ ಅಂಶವೊಂದೇ ಬದಲಾಗಬೇಕು. ಮಿಕ್ಕದ್ದೆಲ್ಲ ಒಂದೇ ಇರಬೇಕು. ಲೆನ್ಸಿಗೂ ಇದೇ ನಿಯಮ.

ಒಂದೇ ಸಂಗಮದೂರವುಳ್ಳ ಎರಡು ಲೆನ್ಸುಗಳನ್ನು ಆರಿಸಿ. ಗೋಡೆಯ ಮಧ್ಯಕ್ಕೂ ನಾಲ್ಕು ಮೂಲೆಗಳಿಗೂ ವೃತ್ತಪತ್ರಿಕೆಯ ಹಾಳೆಗಳನ್ನು ಸುಕ್ಕಿಲ್ಲದೆ ಅಂಟಿಸಿ. ಒಂದೇ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಗೋಡೆಗೆ ನೇರವಾಗಿ ನಿಲ್ಲಿಸಿ. ದೂರ, ಬೆಳಕು, ಕ್ಯಾಮೆರಾದ ಹೊಂದಾಣಿಕೆ ಒಂದೇ ಇರಲಿ. ಕೈ ತಾಗಿ ಅಲುಗದಂತೆ ಸೆಲ್ಫ್ ಟೈಮರ್ ಬಳಸಿ. ಪ್ರತಿ ಸಲವೂ ಹೊಸದಾಗಿ ಫೋಕಸ್ ಮಾಡಿ, ಪ್ರತಿ ಲೆನ್ಸಿನಿಂದ ಕನಿಷ್ಠ ಮೂರು ಚಿತ್ರ ತೆಗೆಯಿರಿ. ಅಮೆರಿಕದ ವಾಯುಪಡೆಯ 1951ರ ಪರೀಕ್ಷಾ ಪಟದಲ್ಲಿ ಮೂರು ಮೂರು ಗೆರೆಗಳ ಗುಂಪುಗಳು ಕ್ರಮೇಣ ಚಿಕ್ಕದಾಗುತ್ತವೆ. ಗೆರೆಗಳು ಬಿಡಿಬಿಡಿಯಾಗಿ ಕಾಣುವ ಕೊನೆಯ ಗುಂಪೇ ಲೆನ್ಸಿನ ಮಿತಿ. ಪತ್ರಿಕೆಯ ದಪ್ಪ, ಸಣ್ಣ ಅಕ್ಷರಗಳು ನಮಗೆ ಅದೇ ಕೆಲಸ ಮಾಡಿಕೊಡುತ್ತವೆ.

ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎರಡಕ್ಕೂ ಸಮನಾಗಿರಬೇಕು. ಕಿಂಡಿ ಪೂರ್ತಿ ತೆರೆದಾಗ ಅನೇಕ ಲೆನ್ಸುಗಳಲ್ಲಿ ಚಿತ್ರದ ಅಂಚು ಮಸುಕಾಗುತ್ತದೆ. ಸ್ವಲ್ಪ ಕಿರಿದುಗೊಳಿಸಿದರೆ ಸುಧಾರಿಸುತ್ತದೆ. ತೀರ ಕಿರಿದಾದರೆ ಬೆಳಕಿನ ವಿವರ್ತನೆ ಅಡ್ಡಬರುತ್ತದೆ: ಎಫ್ 16ರಲ್ಲಿ ದೋಷರಹಿತ ಲೆನ್ಸು ಕೂಡ ಹಸಿರು ಬೆಳಕಿನ ಬಿಂದುವನ್ನು ಸುಮಾರು 0.02 ಮಿಲಿಮೀಟರ್ ಅಗಲದ ಚುಕ್ಕೆಯಾಗಿ ಹರಡುತ್ತದೆ. ಎಫ್ 8ರಲ್ಲಿ ಅದರ ಅರ್ಧ.

ಕೊನೆಯದಾಗಿ, ತೀರ್ಪುಗಾರರಿಗೆ ಲೆನ್ಸಿನ ಹೆಸರೂ ಬೆಲೆಯೂ ತಿಳಿಯಬಾರದು. ಚಿತ್ರಗಳ ಹಿಂದೆ ಗೆಳೆಯರಿಂದ ಗುಟ್ಟಾಗಿ ಸಂಖ್ಯೆ ಬರೆಸಿ. ಹೆಚ್ಚು ಬೆಲೆಯದು ಚೆನ್ನಾಗಿಯೇ ಇರಬೇಕೆಂದು ಮನಸ್ಸು ಮೊದಲೇ ತೀರ್ಮಾನಿಸಿರುತ್ತದೆ. ಒಂದೇ ಲೆನ್ಸಿನ ಮೂರು ಚಿತ್ರಗಳ ನಡುವಿನ ವ್ಯತ್ಯಾಸವೇ ಎರಡು ಲೆನ್ಸುಗಳ ನಡುವಿನದಕ್ಕಿಂತ ಹೆಚ್ಚಾದರೆ, ಯಾವುದು ಮೇಲೆಂದು ಹೇಳಲಾಗದು. ಅದೂ ಒಂದು ಫಲಿತಾಂಶವೇ.

ಇಷ್ಟೆಲ್ಲ ಶ್ರಮವೇಕೆ? ಜೇವರ್ಗಿ ಸೀಮೆಯ ಹಳೆಯ ಶಿಲಾಶಾಸನವೊಂದರ ಚಿತ್ರ ತೆಗೆಯುತ್ತೀರಿ ಎನ್ನೋಣ. ಸವೆದ ಅಕ್ಷರವೊಂದನ್ನು ತಪ್ಪಾಗಿ ಓದಿದರೆ ಇತಿಹಾಸವೇ ತಪ್ಪಬಹುದು. ಮಸುಕು ಕಲ್ಲಿನದೋ ಲೆನ್ಸಿನದೋ ಎಂದು ಹೇಳಬಲ್ಲವರು, ಲೆನ್ಸನ್ನು ಮೊದಲೇ ನ್ಯಾಯವಾಗಿ ಒರೆಗೆ ಹಚ್ಚಿದವರು ಮಾತ್ರ.