ಕರೆಂಟ್ ತೆಗೆದ ನೀರು



ತರಗತಿಯಲ್ಲಿ ಕಲಿತದ್ದು ಮರೆತುಹೋದರೂ ನಕ್ಕದ್ದು ಮರೆಯುವುದಿಲ್ಲ. ಇದು ನಿಮ್ಮ ಅನುಭವವಷ್ಟೇ ಅಲ್ಲ, ಮೇಷ್ಟರುಗಳ ಅನುಭವವೂ ಹೌದು. ಬಿ.ಎಸ್ಸಿ. ಮುಗಿಸಿದ ಮೇಲೆ, ದೂರದರ್ಶನದ ಕೆಲಸಕ್ಕೆ ಸೇರುವ ಮುನ್ನ, ನಾನು ಒಂದು ವರ್ಷ ಹಂಗಾಮಿ ಮೇಷ್ಟರಾಗಿದ್ದೆ. ಮಂಡ್ಯ ಜಿಲ್ಲೆಯ ಭಾರತೀನಗರದ ಹತ್ತಿರದ ಒಂದು ಪ್ರೌಢಶಾಲೆ ಅದು. ಕಾಗದಪತ್ರಗಳಲ್ಲಿ ಭಾರತೀನಗರ, ಬಸ್ಸಿನ ಕಂಡಕ್ಟರ್ ಬಾಯಲ್ಲಿ ಕೆ.ಎಂ. ದೊಡ್ಡಿ, ಅಂದರೆ ಕಾಳಮುದ್ದನದೊಡ್ಡಿ. ಸುತ್ತ ನಾಲೆಯ ನೀರು, ಕಬ್ಬಿನ ಗದ್ದೆ, ಆಲೆಮನೆಗಳ ಹೊಗೆ.

ಮೊದಲ ಕಿರುಪರೀಕ್ಷೆಯಲ್ಲಿ 'ಗುರುತ್ವಾಕರ್ಷಣೆ ಎಂದರೇನು?' ಎಂದು ಕೇಳಿದ್ದೆ. ಒಬ್ಬಳು ಬರೆದಿದ್ದಳು: 'ಗುರುಗಳು ಮಕ್ಕಳನ್ನು ಕಿವಿ ಹಿಡಿದು ತಮ್ಮ ಕಡೆಗೆ ಸೆಳೆಯುವ ಶಕ್ತಿಗೆ ಗುರುತ್ವಾಕರ್ಷಣೆ ಎನ್ನುವರು.' ಬಿದ್ದು ಬಿದ್ದು ನಕ್ಕೆ. ಆಮೇಲೆ ಯೋಚಿಸಿದರೆ, ಆ ಹುಡುಗಿ ಪದವನ್ನು ಸರಿಯಾಗಿಯೇ ಬಿಡಿಸಿದ್ದಳು. 'ಗುರು' ಎಂದರೆ ಭಾರವಾದದ್ದು ಎಂಬ ಅರ್ಥವೂ ಉಂಟೆಂದು ನಾನೇ ಹೇಳಿರಲಿಲ್ಲ. ಮರುದಿನ ಕನ್ನಡ ಪಾಠದ ಗುರು-ಲಘುಗಳನ್ನು ನೆನಪಿಸಿ ಹೇಳಿಕೊಟ್ಟೆ. ಇಡೀ ತರಗತಿಗೆ ಆ ಪದ ಮತ್ತೆ ಮರೆಯಲಿಲ್ಲ.

ಇನ್ನೊಬ್ಬನ ಪ್ರಶ್ನೆ: 'ಗಿಡ ಬಿಸಿಲಲ್ಲಿ ಅಡುಗೆ ಮಾಡ್ಕತದೆ ಅಂದ್ರಲ್ಲ ಸಾ, ಹೊಗೆ ಯಾಕೆ ಬರಾಕಿಲ್ಲ?' ನಗುವ ಮಾತೇ. ಆದರೆ ಇದಕ್ಕೆ ಉತ್ತರಿಸಲು ಹೊರಟರೆ ದ್ಯುತಿಸಂಶ್ಲೇಷಣೆಯ ಅರ್ಧ ಪಾಠ ಮುಗಿಯುತ್ತದೆ. ಒಲೆ ಆಮ್ಲಜನಕವನ್ನು ತೆಗೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಬಿಸಿಲಿನಲ್ಲಿ ಹಸಿರೆಲೆಯ ಅಡುಗೆ ಅದಕ್ಕೆ ತದ್ವಿರುದ್ಧ. ಕಲಿಸುವ ಕೆಲಸದ ಸುಖ ಇಂಥ ಗಳಿಗೆಗಳಲ್ಲಿದೆ.

ಆದರೆ ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ನಾನು ತಪ್ಪಿದ ಒಂದು ಸಂಗತಿಯನ್ನು.

ಅಂದು ಜಲವಿದ್ಯುತ್ತಿನ ಪಾಠ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ ನಮಗೆ ದೂರವೇನಲ್ಲ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದನ್ನು ಹೆಮ್ಮೆಯಿಂದ ವರ್ಣಿಸಿ, ಕೊಳವೆ, ಚಕ್ರ, ಜನರೇಟರುಗಳ ಚಿತ್ರ ಬರೆದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. 'ಕರೆಂಟ್ ತಗದ ಮ್ಯಾಲೆ ಆ ನೀರು ಸಿಪ್ಪೆ ಆಗಾಕಿಲ್ವಾ ಸಾ?'

ತರಗತಿ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅಷ್ಟಕ್ಕೇ ಬಿಡದೆ, 'ನಿನ್ನ ತಲೆಯ ಕರೆಂಟ್ ಯಾರಪ್ಪ ತೆಗೆದವರು?' ಎಂದೆ. ಮತ್ತೊಂದು ಸುತ್ತು ನಗು. ಹುಡುಗ ಕುಳಿತುಕೊಂಡ. ಸಂಜೆಯ ಹೊತ್ತಿಗೆ ಅವನಿಗೆ 'ಸಿಪ್ಪೆ' ಎಂಬ ಅಡ್ಡಹೆಸರು ಬಿದ್ದಿತ್ತು. ಆಮೇಲೆ ವಾರಗಟ್ಟಲೆ ಅವನು ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ಒಂದು ಸಂಜೆ ದಾರಿಯಲ್ಲಿ ಆಲೆಮನೆಯೊಂದಕ್ಕೆ ಹೋಗಿ ಕಬ್ಬಿನ ಹಾಲು ಕುಡಿಯುತ್ತಾ ನಿಂತಿದ್ದೆ. ಗಾಣಕ್ಕೆ ಒಂದು ಕಡೆಯಿಂದ ಕಬ್ಬು ಹೋಗುತ್ತಿತ್ತು, ಕೆಳಗೆ ಹಾಲು ಸುರಿಯುತ್ತಿತ್ತು, ಇನ್ನೊಂದು ಕಡೆಯಿಂದ ಸಿಪ್ಪೆ ಬರುತ್ತಿತ್ತು. ಕೈಯಲ್ಲಿದ್ದ ಲೋಟ ಹಾಗೆಯೇ ನಿಂತಿತು. ಆ ಹುಡುಗ ಹುಟ್ಟಿದಾಗಿನಿಂದ ಕಂಡ ಯಂತ್ರ ಇದೇ. ಏನನ್ನಾದರೂ ಹಿಂಡಿ ಏನನ್ನೋ ಪಡೆದರೆ, ಹಿಂಡಿಸಿಕೊಂಡದ್ದು ಮೊದಲಿನಂತೆ ಉಳಿಯುವುದಿಲ್ಲ. ಬಿಟ್ಟಿಯಾಗಿ ಏನೂ ಬರುವುದಿಲ್ಲ. ಶಕ್ತಿ ಸಂರಕ್ಷಣೆಯ ನಿಯಮವನ್ನು ನಾನು ಪುಸ್ತಕದಿಂದ ಕಲಿತಿದ್ದೆ. ಅವನು ಗಾಣದಿಂದ ಕಲಿತಿದ್ದ.

ಮರುದಿನ ತರಗತಿಯಲ್ಲಿ ಹೇಳಿದೆ: 'ಅವತ್ತು ನಗಬೇಕಾಗಿದ್ದುದು ನನ್ನನ್ನು ನೋಡಿ.' ಆ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೆ. ಕಬ್ಬು ಕಳೆದುಕೊಂಡದ್ದು ಹಾಲು. ನೀರು ಕಳೆದುಕೊಂಡದ್ದೇನು? ಎತ್ತರ. ನೀರು ಅದೇ ನೀರು. ಕೆಳಗಿನ ಊರಿನವರು ಅದರಲ್ಲಿ ಬೆಳೆ ತೆಗೆಯಬಹುದು. ಆದರೆ ಮತ್ತೆ ಅದೇ ಚಕ್ರವನ್ನು ತಿರುಗಿಸಲಾರದು. ಅದನ್ನು ಪುನಃ ಮೇಲಕ್ಕೆ ಒಯ್ಯುವ ಕೂಲಿ ಸೂರ್ಯನದು: ಕಡಲಿನಿಂದ ಆವಿ, ಆವಿಯಿಂದ ಮೋಡ, ಕೊಡಗಿನಲ್ಲಿ ಮಳೆ.

ಹಾಗಾದರೆ ಚಕ್ರವನ್ನು ತಿರುಗಿಸದೆ ಸುಮ್ಮನೆ ಧುಮುಕುವ ನೀರಿನ ಶಕ್ತಿ ಎಲ್ಲಿ ಹೋಗುತ್ತದೆ? 1845ರಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್ ನಯಾಗರಾ ಜಲಪಾತದ ಬಗ್ಗೆ ಇದೇ ಲೆಕ್ಕ ಹಾಕಿ, ಬಿದ್ದ ನೀರು ತುಸು ಬೆಚ್ಚಗಾಗಬೇಕು ಎಂದರು. 100 ಮೀಟರ್ ಬಿದ್ದರೆ ಸುಮಾರು ಕಾಲು ಡಿಗ್ರಿ ಸೆಲ್ಸಿಯಸ್. ಅಂದರೆ ಕರೆಂಟ್ ತೆಗೆದ ನೀರಿಗೂ ತೆಗೆಯದ ನೀರಿಗೂ ಕೂದಲೆಳೆಯಷ್ಟು ವ್ಯತ್ಯಾಸ ನಿಜಕ್ಕೂ ಉಂಟು!

'ಅಂಗಾರೆ ನಾ ಯೋಳಿದ್ದು ತಪ್ಪಲ್ಲ ಅಲ್ವಾ ಸಾ?' ಎಂದ ಹುಡುಗ.

'ಅರ್ಧ ಸರಿ ಕಣಪ್ಪ. ಆ ಅರ್ಧ ನನಗೇ ಹೊಳೆದಿರಲಿಲ್ಲ' ಎಂದೆ.

ಅಂದಿನಿಂದ ಅವನು ಮತ್ತೆ ಕೈ ಎತ್ತತೊಡಗಿದ. ಆದರೆ ಎತ್ತುವ ಮೊದಲು ಒಮ್ಮೆ ಅಕ್ಕಪಕ್ಕ ನೋಡುತ್ತಿದ್ದ. ಮೊದಲು ಹಾಗೆ ನೋಡುತ್ತಿರಲಿಲ್ಲ. ಅಡ್ಡಹೆಸರೂ ಹೋಗಲಿಲ್ಲ. ನನ್ನ ಒಂದು ನಿಮಿಷದ ನಗೆಯ ಸಾಲ ಅದು.

ಹಾಗಾದರೆ ತರಗತಿಯಲ್ಲಿ ನಗಬಾರದೇ? ಖಂಡಿತ ನಗಬೇಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರಾಗಿದ್ದ ನಮ್ಮ ಬಿ.ಜಿ.ಎಲ್. ಸ್ವಾಮಿಯವರು ಶಿಷ್ಯರನ್ನು ಕಾಡಿಗೆ ಕರೆದೊಯ್ದ ಪ್ರವಾಸಗಳನ್ನು 'ಹಸುರು ಹೊನ್ನು' ಪುಸ್ತಕದಲ್ಲಿ ಬರೆದಿದ್ದಾರೆ. 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ಓದಿ ನೋಡಿ. ಅಲ್ಲಿ ಸಸ್ಯಶಾಸ್ತ್ರವೂ ನಗೆಯೂ ಬೇರೆ ಬೇರೆಯಾಗಿ ನಿಲ್ಲುವುದಿಲ್ಲ; ಗುರುಶಿಷ್ಯರು ಒಟ್ಟಿಗೆ ನಡೆಯುತ್ತಾರೆ, ಒಟ್ಟಿಗೆ ನಗುತ್ತಾರೆ. ಒಟ್ಟಿಗೆ ನಗುವುದು ಬೇರೆ, ಒಬ್ಬನನ್ನು ನಿಲ್ಲಿಸಿ ನಗುವುದು ಬೇರೆ.

ಈಗ ನಾನು ಮಕ್ಕಳ ಕಾರ್ಯಕ್ರಮ ಚಿತ್ರಿಸುವಾಗ, ಯಾರಾದರೂ ವಿಚಿತ್ರ ಉತ್ತರ ಕೊಟ್ಟರೆ ಕ್ಯಾಮೆರಾ ನಿಲ್ಲಿಸಗೊಡುವುದಿಲ್ಲ. 'ನಿನಗೆ ಹಾಗೆ ಯಾಕೆ ಅನ್ನಿಸಿತು?' ಎಂದು ಕೇಳಿಸುತ್ತೇನೆ. ಎಷ್ಟೋ ಸಲ ಕಾರ್ಯಕ್ರಮದ ಒಳ್ಳೆಯ ಭಾಗ ಅಲ್ಲಿಂದಲೇ ಶುರುವಾಗುತ್ತದೆ.

ನಿಮ್ಮ ತರಗತಿಯಲ್ಲೂ ನಾಳೆ ಯಾರೋ ಒಬ್ಬರು ಎದ್ದು ನಿಂತು ಎಲ್ಲರೂ ನಗುವಂಥ ಪ್ರಶ್ನೆ ಕೇಳಿಯಾರು. ನಗು ಬಂದರೆ ನಕ್ಕುಬಿಡಿ. ಆದರೆ ನಗು ಮುಗಿದ ಮೇಲೆ, ಆ ಮಾತು ಯಾವ ಗಾಣದಿಂದ ಬಂತು ಎಂದು ಸ್ವಲ್ಪ ವಿಚಾರಿಸಿ. ಎದ್ದು ನಿಂತವರು ನೀವೇ ಆಗಿದ್ದರೆ, ದಯವಿಟ್ಟು ಕುಳಿತುಕೊಳ್ಳಬೇಡಿ.